‘ಆಪ್ಷನ್ಸ್ ಇದ್ಯಾ, ಮೇಡಂ?’: ಐಟಿ ಸರ್ಟಿಫಿಕೇಟ್ ಪರೀಕ್ಷೆಗಳೂ ಗಿಣಿಪಾಠವೂ

(ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಆಡಿದ ಮಾತು ಇದು. ಕೇಳಿದ ಕೆಲವರು ಬರೆದು ಕೊಡಿ ಅಂದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಬೋರ್ಡ್ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ. ಉತ್ತರ ಈಗಲೇ ಹೇಳಬೇಡಿ. ಒಂದು ಕಂಪ್ಯೂಟರಿನ ಐಪಿ ವಿಳಾಸ 192.168.10.20. ಇನ್ನೊಂದರದ್ದು 192.168.10.130. ಎರಡಕ್ಕೂ ಸಬ್‌ನೆಟ್ ಮಾಸ್ಕ್, ಅಂದರೆ ಒಂದು ನೆಟ್‌ವರ್ಕಿನ ಗಡಿ ಎಲ್ಲಿಯ ತನಕ ಅಂತ ಹೇಳುವ ಅಂಕಿ, ಸ್ಲ್ಯಾಶ್ 25. ಒಂದು ನೆಟ್‌ವರ್ಕನ್ನು ಇನ್ನೊಂದಕ್ಕೆ ಜೋಡಿಸುವ ರೂಟರ್ ನಡುವೆ ಇಲ್ಲದೆ ಇವೆರಡೂ ಮಾತಾಡಿಕೊಳ್ಳಬಲ್ಲವಾ?

ಇದು ಕಷ್ಟದ ಪ್ರಶ್ನೆಯೇನಲ್ಲ. ನೆಟ್‌ವರ್ಕ್ ಕೆಲಸಕ್ಕೆಂದು ಬರುವವರಿಗೆ ನಾನು ಶುರುವಿನಲ್ಲೇ ಕೇಳುವ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಫೋಲ್ಡರಿನಲ್ಲಿ ಐಟಿ ಕಂಪನಿಗಳು ಪರೀಕ್ಷೆ ನಡೆಸಿ ಕೊಡುವಂಥ, ಒಳ್ಳೆಯ ಹೆಸರಿನ ಸರ್ಟಿಫಿಕೇಟು, ಸಾವಿರಕ್ಕೆ ಒಂಬೈನೂರು ದಾಟಿದ ಅಂಕ. ಇದೇ ಪ್ರಶ್ನೆ ಕೇಳಿದೆ. ಅವನು ಸ್ವಲ್ಪ ಹೊತ್ತು ಮೇಜನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ ಕೇಳಿದ: "ಆಪ್ಷನ್ಸ್ ಇದ್ಯಾ, ಮೇಡಂ?"

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವನು ಮೋಸಗಾರ ಅಲ್ಲ. ನಾಲ್ಕು ಮಾತು ಬಿಡಿಸಿ ಕೇಳಿದಾಗ ಎಲ್ಲವನ್ನೂ ಹೇಳಿದ. ಅಣ್ಣ ಸಾಲ ಮಾಡಿ ಫೀಸು ಕಟ್ಟಿದ್ದನಂತೆ. ಕೋಚಿಂಗ್ ಸೆಂಟರಿನಲ್ಲಿ ಮೊದಲ ತಿಂಗಳು ಪಾಠ ನಡೆಯಿತಂತೆ. ಕೊನೆಯ ಹತ್ತು ದಿನ ಪಾಠ ನಿಲ್ಲಿಸಿ ಒಂದು ಪಿಡಿಎಫ್ ಕೊಟ್ಟರಂತೆ. "ಇದನ್ನ ಉರು ಹೊಡೀರಿ, ಇದೇ ಬರುತ್ತೆ" ಅಂದರಂತೆ. ಅದೇ ಬಂತು. ಇವನು ಪಾಸಾದ. ಅದು ತಪ್ಪು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದಿಲ್ಲವಾ, ಇದೂ ಹಾಗೇ ಅಂದುಕೊಂಡಿದ್ದ.

ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ. ನೀವು ಇದಕ್ಕೆ ‘ಡಂಪ್ಸ್’ ಅನ್ನುತ್ತೀರಿ. ಇಡೀ ಲೋಕ ಅನ್ನುವುದೂ ಹಾಗೇ. ಪರೀಕ್ಷೆ ಬರೆದು ಹೊರಗೆ ಬಂದವನು ತಲೆಯಲ್ಲಿ ಉಳಿದದ್ದನ್ನೆಲ್ಲ ಒಂದು ಕಡೆ ಸುರಿಯುತ್ತಾನೆ. ಆ ರಾಶಿಯೇ ಡಂಪು. ಇದನ್ನು ತಡೆಯಲು ಪರೀಕ್ಷೆ ನಡೆಸುವವರು ಏನೇನು ಮಾಡಿದ್ದಾರೆ, ಯಾವುದು ಫಲ ಕೊಟ್ಟಿದೆ, ಯಾವುದು ಕೊಟ್ಟಿಲ್ಲ ಅಂತ ಹೇಳುತ್ತೇನೆ. ನಾನೂ ಕೆಲವು ವರ್ಷ ಇಂಥ ಪರೀಕ್ಷೆಗೆ ಪ್ರಶ್ನೆ ಬರೆದವಳು. ಹಾಗಾಗಿ ಒಳಗಿನ ಸಂಗತಿಯೂ ಸ್ವಲ್ಪ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಯಿಪಾಠದ ಮೇಲೆ ನನಗೆ ಸಿಟ್ಟಿಲ್ಲ. ನಾವೆಲ್ಲ ಇಪ್ಪತ್ತರ ತನಕ ಮಗ್ಗಿ ಹೇಳಿಕೊಂಡೇ ಬೆಳೆದವರು. ವೆಬ್‌ಸೈಟಿನ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಪೋರ್ಟ್ ನಂಬರ್ 53, ಎಚ್‌ಟಿಟಿಪಿಎಸ್‌ಗೆ 443 ಅನ್ನುವುದನ್ನು ನಾನೂ ಬಾಯಿಪಾಠವೇ ಮಾಡಿದ್ದು. ತಲೆಯಲ್ಲಿ ಸಾಮಾನು ಇಲ್ಲದವನು ಯೋಚನೆ ಮಾಡುವುದಾದರೂ ಯಾವುದರಿಂದ? ವಿಷಯ ಬಾಯಿಪಾಠ ಮಾಡುವುದು ಬೇರೆ. ಪ್ರಶ್ನೆ ಮತ್ತು ಅದರ ಉತ್ತರದ ಅಕ್ಷರ, ‘ನೂರ ಹನ್ನೆರಡನೇ ಪ್ರಶ್ನೆಗೆ ಸಿ’ ಅಂತ ಬಾಯಿಪಾಠ ಮಾಡುವುದು ಬೇರೆ. ಎರಡನೆಯದು ಗಿಣಿಪಾಠ.

ಹಳೇ ಪ್ರಶ್ನೆಪತ್ರಿಕೆಗೂ ಡಂಪಿಗೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ಬೋರ್ಡ್ ಪರೀಕ್ಷೆ ಒಂದೇ ದಿನ, ಒಂದೇ ಹೊತ್ತಿಗೆ ನಡೆದು ಮುಗಿಯುತ್ತದೆ. ಮುಗಿದ ಮೇಲೆ ಆ ಪತ್ರಿಕೆ ಸಾರ್ವಜನಿಕ. ಮುಂದಿನ ವರ್ಷಕ್ಕೆ ಬೇರೆ ಪತ್ರಿಕೆ. ಅಲ್ಲಿ ಅಪಾಯ ಇರುವುದು ಪರೀಕ್ಷೆಗೆ ಮುಂಚೆ. 2016ರಲ್ಲಿ ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಎರಡೆರಡು ಸಲ ಸೋರಿದ್ದು ನಿಮಗೆ ನೆನಪಿರಬಹುದು. ಮಕ್ಕಳು ಮೂರನೇ ಸಲ ಓದಿಕೊಂಡು ಬಂದು ಏಪ್ರಿಲ್‌ನಲ್ಲಿ ಬರೆದರು. ಎಷ್ಟೇ ನೋವಾದರೂ ಅಲ್ಲೊಂದು ದಾರಿ ಇತ್ತು: ಪತ್ರಿಕೆ ರದ್ದು ಮಾಡಿ ಹೊಸದು ಕೊಡುವುದು.

ಐಟಿ ಸರ್ಟಿಫಿಕೇಟ್ ಪರೀಕ್ಷೆ ಹಾಗಲ್ಲ. ಅದು ವರ್ಷಪೂರ್ತಿ ನಡೆಯುತ್ತದೆ. ಇವತ್ತು ಬೆಂಗಳೂರಿನಲ್ಲಿ ಒಬ್ಬ, ನಾಳೆ ಮನಿಲಾದಲ್ಲಿ ಒಬ್ಬ, ನಾಡಿದ್ದು ಮನೆಯಲ್ಲೇ ವೆಬ್‌ಕ್ಯಾಮ್ ಮುಂದೆ ಕೂತು ಇನ್ನೊಬ್ಬ. ಎಲ್ಲರಿಗೂ ಒಂದೇ ಕಣಜದಿಂದ ಪ್ರಶ್ನೆ ತೆಗೆದು ಕೊಡುತ್ತಾರೆ. ಇಲ್ಲಿ ಪತ್ರಿಕೆ ಕದಿಯಲು ಬೀಗ ಒಡೆಯಬೇಕಿಲ್ಲ. ಬರೆದವನು ಎದ್ದು ಹೊರಗೆ ಬಂದರೆ ಸಾಕು.

ಒಂದು ಲೆಕ್ಕ ಮಾಡೋಣ. ಕಣಜದಲ್ಲಿ 300 ಪ್ರಶ್ನೆ ಇವೆ ಅಂತಿಟ್ಟುಕೊಳ್ಳಿ. ಬರೆದ ಪ್ರತಿಯೊಬ್ಬನೂ ಬರೀ ಐದು ಪ್ರಶ್ನೆ ನೆನಪಿಟ್ಟುಕೊಂಡು ಬರುತ್ತಾನೆ. ಐದು ಜಾಸ್ತಿ ಅಲ್ಲ, ಅಲ್ವಾ? ಯಾರಿಗೆ ಯಾವ ಐದು ನೆನಪಿರುತ್ತದೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು ಅನ್ನೋಣ. ಅರವತ್ತು ಜನ ಸುರಿದ ಹೊತ್ತಿಗೆ ಕಣಜದ ನೂರಕ್ಕೆ 63 ಭಾಗ ಹೊರಗಿರುತ್ತದೆ. ನೂರ ಎಂಬತ್ತು ಜನರಾದರೆ ನೂರಕ್ಕೆ 95. ದಿನಕ್ಕೆ ನೂರಾರು ಜನ ಬರೆಯುವ ಪರೀಕ್ಷೆಗೆ ಇದು ಎಷ್ಟು ದಿನದ ಮಾತು? ಒಬ್ಬೊಬ್ಬರೂ ಮಾಡಿದ್ದು ಸಣ್ಣ ತಪ್ಪು. "ನಾಲ್ಕೈದು ಪ್ರಶ್ನೆ ತಾನೇ, ಫ್ರೆಂಡ್‌ಗೆ ಹೇಳಿದೆ" ಅನ್ನುವಷ್ಟು ಸಣ್ಣದು. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಒಳ್ಳೆಯದಕ್ಕೆ ಮಾತ್ರ ಅಲ್ಲ.

ಇದು ಹೊಸ ರೋಗವೂ ಅಲ್ಲ. ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆ ಕಂಪ್ಯೂಟರಿಗೆ ಬಂದ ಹೊಸತರಲ್ಲಿ, 1994ರಲ್ಲಿ, ಅಮೆರಿಕದ ಕಪ್ಲಾನ್ ಕೋಚಿಂಗ್ ಸಂಸ್ಥೆ ತನ್ನ ಸಿಬ್ಬಂದಿಯನ್ನೇ ಪರೀಕ್ಷೆಗೆ ಕೂರಿಸಿತು. ಅವರು ಬರೆದು ಬಂದು, ನೆನಪಿದ್ದ ಪ್ರಶ್ನೆಗಳನ್ನೆಲ್ಲ ಜೋಡಿಸಿದರು. ಎಷ್ಟು ಸುಲಭಕ್ಕೆ ಕದಿಯಬಹುದು ಅಂತ ತೋರಿಸಲೆಂದೇ ಹೀಗೆ ಮಾಡಿದೆವು ಎಂದು ಹೇಳಿ, ಅವನ್ನು ಪರೀಕ್ಷೆ ನಡೆಸುವ ಇಟಿಎಸ್ ಮುಂದೆಯೇ ಇಟ್ಟರು. ಇಟಿಎಸ್ ಕೆಲವು ದಿನ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸಿತು. ಕಪ್ಲಾನ್ ಮೇಲೆ ಮೊಕದ್ದಮೆಯನ್ನೂ ಹೂಡಿತು. ಒಂದೇ ಕಣಜದಿಂದ ದಿನಾ ಪರೀಕ್ಷೆ ನಡೆಸಿದರೆ ಏನಾಗುತ್ತದೆ ಅನ್ನುವುದು ಮೂವತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತು.

ಆಮೇಲೆ ಐಟಿಯ ಸರದಿ. ತೊಂಬತ್ತರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಸರ್ಟಿಫಿಕೇಟು ಇದ್ದರೆ ಕೆಲಸ ಗ್ಯಾರಂಟಿ ಅನ್ನುವ ಕಾಲ ಬಂತು. ಡಂಪುಗಳೂ ಬಂದವು. ಸರ್ವರ್ ಮುಟ್ಟಿ ನೋಡದವರ ಕೈಯಲ್ಲೂ ಸರ್ಟಿಫಿಕೇಟು. ಅಂಥವರಿಗೆ ಅಮೆರಿಕದಲ್ಲಿ ‘ಪೇಪರ್ ಎಂಸಿಎಸ್‌ಇ’ ಅಂತ ಹೆಸರೇ ಬಿತ್ತು. ನಮ್ಮಲ್ಲಿ ಪುಸ್ತಕದ ಬದನೇಕಾಯಿ ಅನ್ನುತ್ತೇವಲ್ಲ, ಅದೇ. ಇದರಿಂದ ನಿಜಕ್ಕೂ ಏಟು ತಿಂದವರು ಕಷ್ಟಪಟ್ಟು ಕಲಿತು ಪಾಸಾದವರು. ಅವರ ಸರ್ಟಿಫಿಕೇಟಿನ ಬೆಲೆಯೂ ಜೊತೆಗೇ ಇಳಿಯಿತು. 2002ರಲ್ಲಿ ವಾಷಿಂಗ್ಟನ್ ರಾಜ್ಯದ ಒಬ್ಬ ಮೈಕ್ರೋಸಾಫ್ಟ್ ಪರೀಕ್ಷೆಗಳ ಪ್ರಶ್ನೆಗಳನ್ನು ವೆಬ್‌ಸೈಟಿನಲ್ಲಿ ಮಾರಿದ್ದಕ್ಕೆ ತಪ್ಪೊಪ್ಪಿಕೊಂಡ. ಅದನ್ನು ವ್ಯಾಪಾರ ರಹಸ್ಯದ ಕಳವು ಎಂದು ಪರಿಗಣಿಸಿ, ನ್ಯಾಯಾಲಯ ಅವನಿಗೆ ಒಂದು ವರ್ಷ ಒಂದು ದಿನದ ಜೈಲು ಶಿಕ್ಷೆ ಕೊಟ್ಟಿತು. ಆದರೆ ಒಂದು ಸೈಟು ಮುಚ್ಚಿದರೆ ನಾಲ್ಕು ಏಳುತ್ತವೆ. ನಮ್ಮ ದೇಶದಲ್ಲಿ 2024ರಲ್ಲಿ ಪರೀಕ್ಷಾ ಅಕ್ರಮ ತಡೆಯಲು ಕೇಂದ್ರದ ಕಾನೂನು ಬಂತು. ಅದು ಯುಪಿಎಸ್‌ಸಿ, ರೈಲ್ವೆ, ಎನ್‌ಟಿಎಯಂಥ ಸಾರ್ವಜನಿಕ ಪರೀಕ್ಷೆಗಳಿಗೆ. ಖಾಸಗಿ ಕಂಪನಿಗಳ ಸರ್ಟಿಫಿಕೇಟ್ ಪರೀಕ್ಷೆ ಅದರೊಳಗೆ ಬರುವುದಿಲ್ಲ. ಇಲ್ಲಿ ಇರುವುದು ಕಾಪಿರೈಟು, ಮತ್ತು ಪರೀಕ್ಷೆ ಶುರುವಾಗುವ ಮುಂಚೆ ನೀವು ‘ಒಪ್ಪಿದೆ’ ಅಂತ ಒತ್ತುವ ಕರಾರು. ಆ ಕರಾರಿನಲ್ಲಿ ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಬರೆದಿರುತ್ತದೆ. ದಯವಿಟ್ಟು ಒಂದು ಸಲ ಓದಿ.

ಈಗ ನನ್ನದೇ ಒಂದು ಅನುಭವ. ಒಂದು ಪರೀಕ್ಷೆಗೆ ಪ್ರಶ್ನೆ ಬರೆಯಲು ಕೂತಿದ್ದೆವು. ಒಂದು ಒಳ್ಳೆಯ ಪ್ರಶ್ನೆ ಬರೆಯುವುದು ಸುಲಭವಲ್ಲ. ಸರಿ ಉತ್ತರ ಬರೆಯುವುದು ಐದು ನಿಮಿಷದ ಕೆಲಸ. ತಪ್ಪು ಉತ್ತರ ಮೂರು ಬರೆಯಬೇಕಲ್ಲ, ಅದೇ ಕಷ್ಟ. ಅರ್ಧ ಕಲಿತವನಿಗೆ ಅವು ಸರಿ ಅನ್ನಿಸಬೇಕು. ಪೂರ್ತಿ ಕಲಿತವನಿಗೆ ತಪ್ಪು ಅಂತ ಗೊತ್ತಾಗಬೇಕು. ಬರೆದ ಮೇಲೆ ಬೇರೆಯವರು ಹರಿದು ನೋಡುತ್ತಾರೆ. ಆಮೇಲೆ ಹತ್ತಾರು ಜನ ಕೂತು ಒಂದೊಂದು ಪ್ರಶ್ನೆಗೂ ಯೋಚಿಸುತ್ತಾರೆ: ಈ ಕೆಲಸಕ್ಕೆ ಇಷ್ಟು ಸಾಕು ಅನ್ನುವಷ್ಟು ಕಲಿತ ನೂರು ಜನರಲ್ಲಿ ಎಷ್ಟು ಜನ ಇದಕ್ಕೆ ಸರಿ ಉತ್ತರ ಕೊಡಬಹುದು? ಆ ಅಂದಾಜುಗಳನ್ನು ಕೂಡಿ ಪಾಸಿನ ಗೆರೆ ಎಳೆಯುತ್ತಾರೆ. ಇದಕ್ಕೆ ಅಂಗಾಫ್ ವಿಧಾನ ಅಂತ ಹೆಸರು. ಇಷ್ಟೆಲ್ಲ ಆಗಿ ನನ್ನ ಒಂದು ಪ್ರಶ್ನೆ ಪರೀಕ್ಷೆಗೆ ಹೋಯಿತು. ಮೂರು ವಾರಕ್ಕೆ ಒಂದು ಸೈಟಿನಲ್ಲಿ ನನ್ನ ಮಾತುಗಳು ಅಲ್ಪವಿರಾಮದ ಸಮೇತ ಕಂಡವು. ಅಲ್ಲಿ ಕೊಟ್ಟಿದ್ದ ಉತ್ತರ ತಪ್ಪು! ಅಂದರೆ ದುಡ್ಡು ಕೊಟ್ಟು ಕೊಂಡವರು ತಪ್ಪನ್ನೇ ಶ್ರದ್ಧೆಯಿಂದ ಉರು ಹೊಡೆಯುತ್ತಿದ್ದರು. ನನಗೆ ಕೋಪಕ್ಕಿಂತ ಸಂಕಟವೇ ಜಾಸ್ತಿ ಆಯಿತು.

ಆ ತಪ್ಪು ಉತ್ತರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ತಡೆಯುವವರು ಮೊದಲು ಮಾಡುವುದು ಬೇಲಿ ಹಾಕುವ ಕೆಲಸ. ಫೇಲಾದವನು ಮಾರನೇ ದಿನವೇ ಬಂದು ಮತ್ತೆ ಬರೆಯುವ ಹಾಗಿಲ್ಲ. ಅಮೆಜಾನ್‌ನ ಕ್ಲೌಡ್ ಪರೀಕ್ಷೆಗಳಿಗೆ 14 ದಿನ ಕಾಯಬೇಕು. ಪಾಸಾದ ಪರೀಕ್ಷೆಯನ್ನು ಸುಮ್ನೆ ಮತ್ತೊಮ್ಮೆ ಬರೆಯಲು ಬಿಡುವುದಿಲ್ಲ. ಪ್ರಶ್ನೆ ಕದಿಯಲೆಂದೇ ಬರುವವರಿಗೆ ಇದು ಅಡ್ಡಿ. ನೆಟ್‌ವರ್ಕ್ ಸಾಮಾನು ಮಾಡುವ ಸಿಸ್ಕೋ ಕಂಪನಿ 2008ರಲ್ಲಿ ಪರೀಕ್ಷಾ ಕೇಂದ್ರದಲ್ಲೇ ಫೋಟೊ ತೆಗೆಯಲು ಶುರುಮಾಡಿತು. ಅದು ಬೇರೆಯವರ ಹೆಸರಿನಲ್ಲಿ ಬರೆಯುವವರನ್ನು ಹಿಡಿಯಲು. ನೆನಪಿನ ಕಳ್ಳತನಕ್ಕೆ ಫೋಟೊ ಏನೂ ಮಾಡಲಾರದು. ತಲೆಯೊಳಗೆ ಇರುವುದನ್ನು ಬಾಗಿಲಲ್ಲಿ ತಪಾಸಣೆ ಮಾಡಲು ಆಗುತ್ತದೆಯಾ?

ಹಾಗಾಗಿ ಎರಡನೇ ದಾರಿ, ಪ್ರಶ್ನೆಯನ್ನೇ ಚಲಿಸುವಂತೆ ಮಾಡುವುದು. ಬೋರ್ಡ್ ಮೇಲಿನ ಪ್ರಶ್ನೆ ನೋಡಿ. ಇದನ್ನು ಅಚ್ಚಿನ ಹಾಗೆ ಬಳಸಬಹುದು. 20ರ ಜಾಗದಲ್ಲಿ 70, 130ರ ಜಾಗದಲ್ಲಿ 90, ಮಾಸ್ಕ್ 25ರ ಬದಲು 26 ಅಂತ ಕಂಪ್ಯೂಟರೇ ಬದಲಾಯಿಸುತ್ತಾ ಹೋಗುತ್ತದೆ. ನೋಡಲು ಒಂದೇ ಥರದ ಪ್ರಶ್ನೆ, ಉತ್ತರ ಮಾತ್ರ ಸಲ ಸಲಕ್ಕೂ ಬೇರೆ. ‘ಉತ್ತರ ಸಿ’ ಅಂತ ಉರು ಹೊಡೆದವನಿಗೆ ಇಲ್ಲಿ ಕಾಲಿಡಲು ಜಾಗ ಇಲ್ಲ. ಲೆಕ್ಕ ಗೊತ್ತಿದ್ದವನಿಗೆ ಯಾವ ಅಂಕಿ ಬಂದರೂ ಒಂದೇ. ಆದರೆ ಎಲ್ಲ ವಿಷಯವೂ ಈ ಅಚ್ಚಿಗೆ ಬೀಳುವುದಿಲ್ಲ. ‘ಆಫೀಸಿನಲ್ಲಿ ಒಂದು ವೆಬ್‌ಸೈಟು ಐಪಿ ಹಾಕಿದರೆ ತೆರೆಯುತ್ತದೆ, ಹೆಸರು ಹಾಕಿದರೆ ತೆರೆಯುವುದಿಲ್ಲ, ಮೊದಲು ಏನು ನೋಡುತ್ತೀರಿ?’ ಅನ್ನುವಂಥ ಪ್ರಶ್ನೆಯಲ್ಲಿ ಅಂಕಿ ಬದಲಾಯಿಸಿ ಏನು ಪ್ರಯೋಜನ?

ಆಯ್ಕೆಗಳನ್ನು ಒಂದೊಂದಾಗಿ ತೋರಿಸುವ ಉಪಾಯವೂ ಇದೆ. ಪರೀಕ್ಷೆಗಳ ಭದ್ರತೆಯನ್ನೇ ಕಸುಬು ಮಾಡಿಕೊಂಡ ಕೇವಿಯನ್ ಎಂಬ ಅಮೆರಿಕದ ಸಂಸ್ಥೆ ಇದನ್ನು ಬಳಕೆಗೆ ತಂದಿತು. ಎ, ಬಿ, ಸಿ, ಡಿ ಒಟ್ಟಿಗೆ ಕಾಣುವುದಿಲ್ಲ. ಒಂದು ಆಯ್ಕೆ ಬರುತ್ತದೆ: ಇದು ಸರಿಯಾ, ಅಲ್ಲವಾ? ಉತ್ತರ ಕೊಟ್ಟ ಮೇಲೆ ಇನ್ನೊಂದು ಬರಬಹುದು, ಬಾರದೆಯೂ ಇರಬಹುದು. ಒಬ್ಬನಿಗೆ ಎರಡು ಆಯ್ಕೆ ಕಂಡರೆ ಇನ್ನೊಬ್ಬನಿಗೆ ಮೂರು. ಹೊರಗೆ ಹೊತ್ತುಕೊಂಡು ಹೋಗಲು ಪೂರ್ತಿ ಪ್ರಶ್ನೆಯೇ ಸಿಗುವುದಿಲ್ಲ. ನನಗೆ ಇದು ಬಹಳ ಇಷ್ಟ. ನಾಲ್ಕನ್ನೂ ಎದುರಿಗಿಟ್ಟುಕೊಂಡು ‘ಇದಲ್ಲ, ಅದಲ್ಲ, ಹಾಗಾದರೆ ಇದೇ’ ಅಂತ ಊಹಿಸುವುದಕ್ಕೂ ಇಲ್ಲಿ ದಾರಿ ಇಲ್ಲ.

ಇನ್ನೊಂದು ದಾರಿ ಪತ್ತೆಯದ್ದು. ಪರೀಕ್ಷೆಯ ಕಂಪ್ಯೂಟರ್ ನಿಮ್ಮ ಉತ್ತರವನ್ನು ಮಾತ್ರ ಬರೆದಿಡುವುದಿಲ್ಲ, ಎಷ್ಟು ಸೆಕೆಂಡು ತೆಗೆದುಕೊಂಡಿರಿ ಅಂತಲೂ ಬರೆದಿಡುತ್ತದೆ. ಎಂಟು ಸಾಲಿನ ಪ್ರಶ್ನೆ. ಓದಲಿಕ್ಕೇ ನಲವತ್ತು ಸೆಕೆಂಡು ಬೇಕು. ನೀವು ಆರು ಸೆಕೆಂಡಿಗೆ ಸರಿ ಉತ್ತರ ಒತ್ತಿದಿರಿ. ಅದರ ಪಕ್ಕದ ಹೊಸ ಪ್ರಶ್ನೆಗೆ ಮೂರು ನಿಮಿಷ ತೆಗೆದುಕೊಂಡು ತಪ್ಪು ಮಾಡಿದಿರಿ. ಅಮೆಜಾನ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯ 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ. ಯಾವ 15 ಅಂತ ನಿಮಗೆ ಗೊತ್ತಾಗುವುದಿಲ್ಲ. ಹೊಸ ಪ್ರಶ್ನೆಗಳು ಹೇಗಿವೆ ಅಂತ ನೋಡಲು ಹೀಗೆ ಸೇರಿಸುತ್ತಾರೆ. ಹಳೆಯದರಲ್ಲಿ ನೂರಕ್ಕೆ ತೊಂಬತ್ತೈದು, ಹೊಸದರಲ್ಲಿ ನೂರಕ್ಕೆ ಮೂವತ್ತು ತೆಗೆದವನು ಯಾವುದೇ ಪರೀಕ್ಷೆಯಲ್ಲಾದರೂ ಎದ್ದು ಕಾಣುತ್ತಾನೆ.

ಪ್ರಶ್ನೆಗೂ ಒಂದು ನಾಡಿ ಇರುತ್ತದೆ. ಶುರುವಿನಲ್ಲಿ ನೂರಕ್ಕೆ ನಲವತ್ತು ಜನ ಸರಿ ಮಾಡುತ್ತಿದ್ದ ಪ್ರಶ್ನೆಯನ್ನು ಆರು ತಿಂಗಳಾದ ಮೇಲೆ ಎಂಬತ್ತೈದು ಜನ ಸರಿ ಮಾಡಿದರೆ, ಜನ ಜಾಣರಾದರು ಅಂತಲ್ಲ, ಪ್ರಶ್ನೆ ಸೋರಿದೆ ಅಂತ. ಅದನ್ನು ತೆಗೆದುಹಾಕಬೇಕು. ನನ್ನ ಪ್ರಶ್ನೆಗೆ ತಪ್ಪು ಉತ್ತರ ಸೈಟಿನಲ್ಲಿ ಇತ್ತು ಅಂದೆನಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿ. ಹತ್ತು ಜನ ತಪ್ಪು ಮಾಡಬಹುದು, ಆದರೆ ಹತ್ತೂ ಜನ ಅದೇ ತಪ್ಪನ್ನು, ಅದೇ ಸೈಟಿನಲ್ಲಿರುವ ತಪ್ಪನ್ನು, ಐದು ಸೆಕೆಂಡಿನಲ್ಲಿ ಮಾಡಿದರೆ? ಕೆಲವು ಕಡೆ ಇದನ್ನು ಬೇಕೆಂದೇ ಮಾಡುತ್ತಾರೆ. ಬಹಳ ಸುಲಭದ ಪ್ರಶ್ನೆಯೊಂದಕ್ಕೆ ಪರೀಕ್ಷೆಯ ಕೀ-ಉತ್ತರವನ್ನೇ ತಪ್ಪಾಗಿ ಇಟ್ಟಿರುತ್ತಾರೆ. ಅದಕ್ಕೆ ಅಂಕ ಲೆಕ್ಕಕ್ಕಿಲ್ಲ. ವಿಷಯ ಗೊತ್ತಿದ್ದವರೆಲ್ಲ ಕೀಯನ್ನು ಮೀರಿ ಸರಿ ಉತ್ತರವನ್ನೇ ಒತ್ತುತ್ತಾರೆ. ಕದ್ದ ಕೀ ಉರು ಹೊಡೆದವನು ಮಾತ್ರ ಆ ತಪ್ಪನ್ನು ಒತ್ತುತ್ತಾನೆ.

ಇದೆಲ್ಲ ಚೆನ್ನಾಗಿದೆ. ಆದರೆ ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಬೇಗ ಉತ್ತರ ಕೊಟ್ಟವರೆಲ್ಲ ಕಳ್ಳರಲ್ಲ. ಹತ್ತು ವರ್ಷ ಅದೇ ಕೆಲಸ ಮಾಡಿದವರು ಪ್ರಶ್ನೆಯ ಮೊದಲ ಸಾಲಿಗೇ ಉತ್ತರ ಹಿಡಿಯುತ್ತಾರೆ. ನನ್ನ ಟೀಮಿನಲ್ಲೇ ಅಂಥ ಒಬ್ಬಾಕೆ ಇದ್ದಾರೆ. ಅಂಕಿಅಂಶದ ಅನುಮಾನ ಒಂದನ್ನೇ ಹಿಡಿದು ಒಬ್ಬ ಮನುಷ್ಯನ ಸರ್ಟಿಫಿಕೇಟು ಕಿತ್ತುಕೊಳ್ಳುವುದು, ಜೀವಮಾನದ ನಿಷೇಧ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅನುಮಾನ ಬಂದರೆ ದುಡ್ಡು ಕೇಳದೆ ಹೊಸ ಪ್ರಶ್ನೆಗಳ ಮೇಲೆ ಇನ್ನೊಮ್ಮೆ ಪರೀಕ್ಷೆ ಕೊಡಿ. ಗೊತ್ತಿದ್ದವರು ಮತ್ತೆ ಪಾಸಾಗುತ್ತಾರೆ. ಇಷ್ಟು ಮಾಡಿದರೆ ನಿರಪರಾಧಿ ಉಳಿಯುತ್ತಾನೆ.

ಮತ್ತೆ, ಇಷ್ಟೆಲ್ಲ ಬೇಲಿ, ಬಲೆ ಹಾಕಿದರೂ ಆಟ ನಿಲ್ಲುವುದಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ. ಯಾಕೆ ಅಂದರೆ ಇಂಥ ಪರೀಕ್ಷೆಯ ಪೂರ್ತಿ ಭಾರ ಗುಟ್ಟಿನ ಮೇಲೆ ನಿಂತಿದೆ. ಪ್ರಶ್ನೆ ಗುಟ್ಟಾಗಿದ್ದರೆ ಪರೀಕ್ಷೆ, ಗುಟ್ಟು ಹೋದರೆ ಏನೂ ಇಲ್ಲ.

ನಮ್ಮ ಆರ್‌ಟಿಒ ನೆನಪು ಮಾಡಿಕೊಳ್ಳಿ. ಬೈಕ್ ಲೈಸೆನ್ಸಿಗೆ ಹೋದರೆ ಎಂಟು ಹಾಕಿಸುತ್ತಾರೆ. ಎಂಟು ಹಾಕಿಸುತ್ತಾರೆ ಅಂತ ಯಾರಿಗೆ ಗೊತ್ತಿಲ್ಲ? ಊರಿಗೆಲ್ಲ ಗೊತ್ತು. ಪ್ರಶ್ನೆ ಎಷ್ಟೋ ವರ್ಷದಿಂದ ಸೋರಿಹೋಗಿದೆ. ಅದರಿಂದ ಯಾರಿಗಾದರೂ ನಷ್ಟ ಆಗಿದೆಯಾ? ಎಂಟು ಬರುತ್ತದೆ ಅಂತ ಗೊತ್ತಿದ್ದರೂ ಕಾಲೂರದೆ ಎಂಟು ಹಾಕಲು ಬರಬೇಕು. ಅದಕ್ಕೆ ಒಂದೇ ದಾರಿ, ಮೈದಾನದಲ್ಲಿ ಹತ್ತು ಸಲ ಬಿದ್ದು ಕಲಿಯುವುದು. ‘ಡಂಪ್’ ಓದಿಕೊಂಡವನು ಕೊನೆಗೆ ಬೈಕ್ ಓಡಿಸುವುದನ್ನೇ ಕಲಿತಿರುತ್ತಾನೆ.

ನನಗೆ ಬೇಕಾಗಿರುವುದು ಈ ಎಂಟು. ಐಟಿಯಲ್ಲಿ ಇದು ಇಲ್ಲ ಅಂತಲ್ಲ. ನೆಟ್‌ವರ್ಕ್ ಪರಿಣತರಿಗೆಂದು ಇರುವ ಸಿಸ್ಕೋದ ಸಿಸಿಐಇ ಪರೀಕ್ಷೆ 1993ರಲ್ಲಿ ಶುರುವಾದಾಗಿನಿಂದ ಲ್ಯಾಬ್ ಪರೀಕ್ಷೆ. ಮೊದಮೊದಲು ಎರಡು ದಿನ ನಡೆಯುತ್ತಿತ್ತು. ನಿಜವಾದ ರೂಟರು, ಸ್ವಿಚ್ಚುಗಳನ್ನು ಜೋಡಿಸಿ ನೆಟ್‌ವರ್ಕ್ ಕಟ್ಟಬೇಕು. ಎರಡನೇ ದಿನ ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಪರೀಕ್ಷಕರು ನೀವೇ ಕಟ್ಟಿದ ನೆಟ್‌ವರ್ಕನ್ನು ಅಲ್ಲಲ್ಲಿ ಕೆಡಿಸಿಡುತ್ತಿದ್ದರು. ವಾಪಸು ಬಂದು ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಸರಿ ಮಾಡಬೇಕು. ನನಗೆ ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಇನ್ನೊಂದು ಗೊತ್ತಿಲ್ಲ. ನಿಜವಾದ ಕೆಲಸವೂ ಹಾಗೇ ಅಲ್ವಾ? ನಿನ್ನೆ ಸರಿ ಇದ್ದದ್ದು ಇವತ್ತು ಕೆಟ್ಟಿರುತ್ತದೆ, ಯಾರು ಕೆಡಿಸಿದರು ಅಂತ ಯಾರೂ ಹೇಳುವುದಿಲ್ಲ. 2001ರಲ್ಲಿ ಅದು ಒಂದೇ ದಿನಕ್ಕೆ, ಎಂಟು ಗಂಟೆಗೆ ಇಳಿಯಿತು. ಲೋಕದಲ್ಲಿ ಈ ಲ್ಯಾಬ್ ಇರುವ ಕೆಲವೇ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು.

ಲಿನಕ್ಸ್ ಕಂಪನಿ ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಇ ಪರೀಕ್ಷೆ 1999ರಿಂದ ಇದೆ. ಅಲ್ಲೂ ಆಯ್ಕೆಗಳಿಲ್ಲ. ಲಿನಕ್ಸ್ ಮೆಷಿನ್ ಕೊಟ್ಟು ಮಾಡಬೇಕಾದ ಕೆಲಸ ಹೇಳುತ್ತಾರೆ. ಅದರಲ್ಲಿ ನನಗೆ ಬಹಳ ಹಿಡಿಸುವ ಒಂದು ನಿಯಮ ಇದೆ: ನೀವು ಮಾಡಿದ್ದು ಮೆಷಿನ್ ರೀಬೂಟ್ ಆದ ಮೇಲೂ ಉಳಿದಿರಬೇಕು. ಸದ್ಯಕ್ಕೆ ಓಡಿದರೆ ಸಾಲದು. ಹತ್ತಾರು ಸರ್ವರ್‌ಗಳ ಮೇಲೆ ಸಾಫ್ಟ್‌ವೇರ್ ಓಡಿಸಿ ನಿಭಾಯಿಸುವ ಕುಬರ್ನೆಟಿಸ್ ಕಲಿಯುವವರು ಬರೆಯುವ ಸಿಕೆಎ ಪರೀಕ್ಷೆ 2017ರಲ್ಲಿ ಬಂತು. ಎರಡು ಗಂಟೆ, ಪೂರ್ತಿ ಕಮಾಂಡ್ ಲೈನ್ ಮೇಲೆ, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿಯೇ ಕೆಲಸ ಮಾಡಬೇಕು. ಕುಬರ್ನೆಟಿಸ್‌ನ ಅಧಿಕೃತ ಕೈಪಿಡಿಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಬಹುದು. ಮೈಕ್ರೋಸಾಫ್ಟ್ ಕೂಡ 2023ರಿಂದ ತನ್ನ ಬಹಳಷ್ಟು ಪರೀಕ್ಷೆಗಳಲ್ಲಿ ಮೈಕ್ರೋಸಾಫ್ಟ್ ಲರ್ನ್ ಎಂಬ ತನ್ನದೇ ಕಲಿಕೆಯ ಸೈಟಿನ ಪುಟಗಳನ್ನು ನೋಡಲು ಬಿಟ್ಟಿದೆ. ಪುಸ್ತಕ ತೆರೆದಿಟ್ಟ ಮೇಲೆ ‘ಈ ಕಮಾಂಡಿನ ಹೆಸರೇನು’ ಅಂತ ಕೇಳಿ ಅರ್ಥವಿಲ್ಲ. ಪ್ರಶ್ನೆ ಬರೆಯುವವರೂ ಯೋಚನೆ ಮಾಡಲೇಬೇಕಾಗುತ್ತದೆ. ಸೆಕ್ಯುರಿಟಿ ಕ್ಷೇತ್ರದ ಒಎಸ್‌ಸಿಪಿ ಇನ್ನೂ ಕಠಿಣ. 23 ಗಂಟೆ 45 ನಿಮಿಷ ಮೆಷಿನ್‌ಗಳ ಭದ್ರತೆ ಮುರಿದು ಒಳಗೆ ನುಗ್ಗುವ ಗುದ್ದಾಟ, ಆಮೇಲೆ ಇನ್ನೊಂದು ದಿನ ವರದಿ ಬರೆಯಲು. ನೀವು ಹೇಗೆ ಒಳಗೆ ಹೋದಿರಿ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸಬೇಕು.

ಲ್ಯಾಬ್ ಸೋರುವುದಿಲ್ಲ ಅಂತ ನಾನು ಹೇಳಲಾರೆ. ಸಿಸಿಐಇ ಲ್ಯಾಬಿನ ಚಿತ್ರ, ಕಾನ್ಫಿಗರೇಶನ್ ಎಲ್ಲವನ್ನೂ ಜನ ಹೊರಗೆ ತಂದು ಮಾರಿದರು. ಅದನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿ ಟೈಪ್ ಮಾಡಿದವರೂ ಇದ್ದಾರೆ. ಸಿಸ್ಕೋ 2009ರಲ್ಲಿ ಲ್ಯಾಬ್ ಶುರುವಾಗುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ ಸ್ವಂತ ಮಾತಿನಲ್ಲಿ ಚಿಕ್ಕ ಉತ್ತರ ಬರೆಸಲು ಶುರುಮಾಡಿತು. ಪಾಪ, ಇಂಗ್ಲಿಷ್ ಬಾರದ ಒಳ್ಳೆಯ ಕೆಲಸಗಾರರೂ ಇರುತ್ತಾರಲ್ಲ, ಅವರಿಗೆ ಇದು ಭಾರ ಅಂತ ನನಗೆ ಆಗಲೂ ಅನ್ನಿಸಿತ್ತು. ಮರುವರ್ಷ ಅದನ್ನು ಕೈಬಿಟ್ಟರು. ಆದರೆ ಅದೇ 2009ರಲ್ಲಿ ಕೆಟ್ಟ ನೆಟ್‌ವರ್ಕ್ ಸರಿ ಮಾಡುವ ಭಾಗವನ್ನು ಪ್ರತ್ಯೇಕವಾಗಿ ವಾಪಸು ತಂದರು. ಅದು ಸರಿಯಾದ ಹೆಜ್ಜೆ. ಕಟ್ಟುವುದನ್ನು ಉರು ಹೊಡೆಯಬಹುದು. ಎಲ್ಲಿ ಕೆಟ್ಟಿದೆ ಅಂತ ಹುಡುಕುವುದನ್ನು ಉರು ಹೊಡೆಯುವುದು ಬಹಳ ಕಷ್ಟ, ಯಾಕೆಂದರೆ ಕೆಡುವ ಬಗೆಗೆ ಲೆಕ್ಕವಿಲ್ಲ.

ಲ್ಯಾಬಿನ ದೊಡ್ಡ ತೊಡಕು ಖರ್ಚು. ಸಿಸಿಐಇ ಲ್ಯಾಬಿನ ಫೀಸು ಸಾವಿರದೈನೂರು ಡಾಲರಿಗೂ ಹೆಚ್ಚು. ಒಂದು ಲಕ್ಷ ರೂಪಾಯಿ ದಾಟುತ್ತದೆ. ಅಷ್ಟು ಕೊಡಲಾಗದವನಿಗೆ ನೀನು ಲ್ಯಾಬೇ ಬರೆ ಅನ್ನಲಾಗುವುದಿಲ್ಲ. ಹಾಗಾಗಿ ಶುರುವಿನ ಹಂತದ ಪರೀಕ್ಷೆಗಳಲ್ಲಿ ಆಯ್ಕೆಯ ಪ್ರಶ್ನೆ ಉಳಿಯುತ್ತವೆ. ಆದರೆ ಅವುಗಳ ನಡುವೆ ನಾಲ್ಕೈದು ಮಾಡಿ ತೋರಿಸುವ ಪ್ರಶ್ನೆ ಇಡಬಹುದು. ಕಾಂಪ್‌ಟಿಯಾ ಎಂಬ ಸಂಸ್ಥೆ ನಡೆಸುವ ಐಟಿ ಪರೀಕ್ಷೆಗಳಲ್ಲಿ ಹಾಗೆ ಇಡುತ್ತಾರೆ. ಪೂರ್ತಿ ಎಂಟಲ್ಲದಿದ್ದರೂ ಅರ್ಧ ಸುತ್ತು.

ಈಗ ನನ್ನ ಮನಸ್ಸನ್ನು ಹೆಚ್ಚು ಕೊರೆಯುವ ವಿಷಯ. ಡಂಪ್ ಓದುವವರು ಯಾರು? ಬರೀ ವಿದ್ಯಾರ್ಥಿಗಳಲ್ಲ. ಕೆಲಸದಲ್ಲಿರುವವರೇ ಜಾಸ್ತಿ ಅನ್ನುವುದು ನಾನು ಕಂಡದ್ದು. ದೊಡ್ಡ ಉತ್ಪನ್ನ ಕಂಪನಿಗಳ ಪಾಲುದಾರ ಪಟ್ಟ ಬೇಕೆಂದರೆ ಇಂತಿಷ್ಟು ಜನ ಸರ್ಟಿಫಿಕೇಟ್ ಪಡೆದವರು ಇರಬೇಕು ಅಂತ ನಿಯಮ ಇರುತ್ತದೆ. ಆಗ ಮೇಲಿನಿಂದ ಮೇಲ್ ಬರುತ್ತದೆ: ಈ ತಿಂಗಳ ಕೊನೆಯೊಳಗೆ ಹತ್ತು ಜನ ಪಾಸಾಗಬೇಕು. ಕೆಲಸದಿಂದ ಬಿಡುವು ಇಲ್ಲ, ಲ್ಯಾಬ್ ಇಲ್ಲ. ಸಂಜೆಯೊಳಗೆ ಟೀಮಿನ ವಾಟ್ಸಾಪ್ ಗುಂಪಿಗೆ ಪಿಡಿಎಫ್ ಬಂದು ಬೀಳುತ್ತದೆ. ಯಾರು ಕಳಿಸಿದರು ಅಂತ ಯಾರೂ ಕೇಳುವುದಿಲ್ಲ. ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ನಡೆಯಿತು. ನಾನು ಕೇಳಬೇಕಿತ್ತು, ಕೇಳಲಿಲ್ಲ. ಆ ಬೇಸರ ಇನ್ನೂ ಇದೆ.

ಇನ್ನೊಂದು ನಿಯಮ ನೋಡಿ. ಪಾಸಾದರೆ ಫೀಸು ವಾಪಸು, ಫೇಲಾದರೆ ನಿಮ್ಮದೇ ದುಡ್ಡು. ಎಷ್ಟೋ ಕಂಪನಿಗಳಲ್ಲಿ ಹೀಗಿದೆ. ಹುರುಪು ಬರಲಿ ಅಂತ ಮಾಡಿರುತ್ತಾರೆ. ಆದರೆ ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಲೆಕ್ಕ ಹಾಕಿಕೊಂಡವನು ಫೇಲಾಗುವ ಧೈರ್ಯ ಮಾಡುತ್ತಾನಾ? ಅವನನ್ನು ಡಂಪಿನ ಕಡೆ ತಳ್ಳುವುದು ಈ ನಿಯಮವೇ. ಈಗ ನಮ್ಮ ಟೀಮಿನಲ್ಲಿ ಬದಲಾಯಿಸಿದ್ದೇವೆ. ಮೊದಲ ಸಲ ಫೇಲಾದರೂ ಫೀಸು ಕೊಡುತ್ತೇವೆ. ವಾರಕ್ಕೆ ಅರ್ಧ ದಿನ ಓದಲು ಬಿಡುತ್ತೇವೆ. ಪಾಸಾದವರು ಬಂದು ಕಲಿತದ್ದನ್ನು ಉಳಿದವರಿಗೆ ಮಾಡಿ ತೋರಿಸಬೇಕು. ಈ ಕೊನೆಯದು ಬಹಳ ಕೆಲಸ ಮಾಡಿದೆ. ನಾಳೆ ಹತ್ತು ಜನರ ಮುಂದೆ ನಿಂತು ಮಾಡಿ ತೋರಿಸಬೇಕು ಅಂತ ಗೊತ್ತಿದ್ದವರು ಅಕ್ಷರ ಉರು ಹೊಡೆಯುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: "ಮೇಡಂ, ಪ್ರಾಕ್ಟೀಸ್ ಟೆಸ್ಟ್ ಯಾವುದು, ಡಂಪ್ ಯಾವುದು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಯಾರು ‘ಇದೇ ಪ್ರಶ್ನೆ ಬರುತ್ತದೆ, ಪಾಸು ಗ್ಯಾರಂಟಿ’ ಅನ್ನುತ್ತಾರೋ ಅವರಿಂದ ದೂರ ಇರಿ. ಒಳ್ಳೆಯ ಪ್ರಾಕ್ಟೀಸ್ ಟೆಸ್ಟಿನಲ್ಲಿ ಸರಿ ಉತ್ತರ ಯಾಕೆ ಸರಿ ಅನ್ನುವುದರ ಜೊತೆಗೆ ಉಳಿದ ಮೂರು ಯಾಕೆ ತಪ್ಪು ಅಂತಲೂ ಬರೆದಿರುತ್ತಾರೆ. ಡಂಪಿನಲ್ಲಿ ಬರೀ ಅಕ್ಷರ ಇರುತ್ತದೆ. ಪರೀಕ್ಷೆ ನಡೆಸುವ ಕಂಪನಿಗಳು ತಾವೇ ಕೊಡುವ ಮಾದರಿ ಪ್ರಶ್ನೆಗಳಿವೆ, ಹೆಚ್ಚಿನವು ಪುಕ್ಕಟೆ. ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಹತ್ತು ರೂಟರ್ ಇಟ್ಟು ಆಡಬಹುದು. ಕಟ್ಟಿ, ಗೆಳೆಯನ ಕೈಗೆ ಕೊಟ್ಟು ಎಲ್ಲಾದರೂ ಒಂದು ಕಡೆ ಕೆಡಿಸು ಅನ್ನಿ. ಆಮೇಲೆ ನೀವು ಹುಡುಕಿ.

ಬಿಳಿ ಶರ್ಟಿನ ಹುಡುಗನಿಗೂ ಆವತ್ತು ಇದನ್ನೇ ಹೇಳಿ ಕಳಿಸಿದ್ದೆ. "ನೋಡಪ್ಪ, ನಿನಗೆ ಓದುವ ಶಕ್ತಿ ಇದೆ, ಮುನ್ನೂರು ಪ್ರಶ್ನೆ ಬಾಯಿಪಾಠ ಮಾಡಿದವನು ಸಬ್‌ನೆಟ್ ಕಲಿಯಲಾರೆಯಾ?" ಅಂದಿದ್ದೆ. ಅವನು ತಲೆಯಾಡಿಸಿ, ಫೋಲ್ಡರ್ ಎತ್ತಿಕೊಂಡು ಹೋದ. ಆಮೇಲೆ ಅವನ ಸುದ್ದಿ ನನಗೆ ಸಿಕ್ಕಿಲ್ಲ.

ಎಲ್ಲರೂ ಏಳುವ ಹೊತ್ತಿಗೆ ಮುಂದಿನ ಸಾಲಿನ ಒಬ್ಬಳು ಹುಡುಗಿ, "ಮೇಡಂ, ಬೋರ್ಡ್ ಮೇಲಿನ ಪ್ರಶ್ನೆಗೆ ಉತ್ತರ?" ಅಂದಳು. ನಾನು ಚಾಕ್‌ಪೀಸ್ ಅವಳ ಕಡೆ ಚಾಚಿ, "ಬಾಮ್ಮ" ಅಂದೆ. ಅವಳು ಬಂದು ಸೊನ್ನೆಯಿಂದ 255ರ ತನಕ ಒಂದು ಉದ್ದ ಪಟ್ಟಿ ಬರೆದಳು. 127 ಮತ್ತು 128ರ ನಡುವೆ ಒಂದು ಗೆರೆ ಎಳೆದಳು. "ಸ್ಲ್ಯಾಶ್ 25 ಅಂದ್ರೆ ಇಲ್ಲಿ ಎರಡು ಭಾಗ. ಇಪ್ಪತ್ತು ಈ ಕಡೆ, ನೂರ ಮೂವತ್ತು ಆ ಕಡೆ. ನಡುವೆ ರೂಟರ್ ಬೇಕು, ಮೇಡಂ."

ನಾನು 25 ಒರೆಸಿ 24 ಅಂತ ಬರೆದೆ. ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಅಂಗೈಯಿಂದ ಆ ನಡುವಿನ ಗೆರೆಯನ್ನು ಒರೆಸಿಬಿಟ್ಟಳು.